ಮಂಜಣ್ಣ ಆರಿಸಿದ ತಡಸಲು

ಸಾವಿತ್ರಿಯ ಹಣೆ ಒಡೆದ ಬಿಲ್ಲು ಮಂಜಣ್ಣ ಆರಿಸಿದ ಮರದ್ದಲ್ಲ. ಮರ ಬದಲಿಸಿದವನು ನಾನು. ಅದನ್ನು ಮುಚ್ಚಿಟ್ಟವನೂ ನಾನೇ.

ಕುಮಟಾದಲ್ಲಿ ನನ್ನದು ಬಡಗಿ ಕೆಲಸ. ಮಂಜಣ್ಣ ಯಾಣದ ಕಡೆಯವರು. ಬೇಟೆಯಾಡುತ್ತಿದ್ದ ಅವರ ತಂದೆ, ಬಿಲ್ಲಿಗೆ ಎಂಥ ಮರ ಬೇಕೆಂಬುದನ್ನು ಮಗನಿಗೆ ಕಲಿಸಿ ಹೋಗಿದ್ದರು. ಬೇಟೆ ನಿಂತುಹೋಗಿತ್ತು. ಆದರೆ ಕಾಲೇಜಿನಲ್ಲಿ ಬಿಲ್ಲುಗಾರಿಕೆ ಕಲಿಯುತ್ತಿದ್ದ ಮಂಜಣ್ಣನ ಮಗಳು ಸಾವಿತ್ರಿ, ಅಜ್ಜನ ಬಿಲ್ಲಿನಂಥದ್ದೇ ಬೇಕೆಂದು ಹಟ ಹಿಡಿದಳು — ಗುರಿಗೆ ಬಾಳೆದಿಂಡು ಸಾಕು ಎಂದಳು.

ಮಂಜಣ್ಣ ಬಿದಿರು ನೋಡಿದರು, ಬೈನೆ ಮರ ನೋಡಿದರು, ಎರಡನ್ನೂ ಬಿಟ್ಟರು. ಕೊನೆಗೆ ತಮ್ಮ ಹಿತ್ತಿಲಲ್ಲಿ ಗಾಳಿಗೆ ಬಿದ್ದ ತಡಸಲು ಮರದ ಒಂದು ಸೀಳನ್ನು, ಬಿಲ್ಲು ಮಾಡಲು ನನಗೆ ತಂದುಕೊಟ್ಟರು.

"ಇದು ಬಗ್ತದೆ, ಮುರಿಯೂದಿಲ್ಲ. ನೆರಳಲ್ಲೇ ಒಣಗ್ಲಿ. ಅವಸರ ಮಾಡಬೇಡ."

ನಾನು ಅವಸರ ಮಾಡಿದೆ. ತಗಡಿನ ಮಾಡಿನ ಮೇಲೆ ಬಿಸಿಲಿಗಿಟ್ಟೆ. ಉದ್ದಕ್ಕೂ ಬಿರುಕು ಬಿಟ್ಟಿತು. ಹೇಳಿದ್ದರೆ ಇನ್ನೊಂದು ಸೀಳು ತರುತ್ತಿದ್ದರು — ಅಷ್ಟೇ. ಹೇಳಲಿಲ್ಲ. ಅಂಗಡಿಯಲ್ಲಿದ್ದ ಯಾವುದೋ ಕಾಡುಮರವನ್ನು, ಬಣ್ಣ ಹೊಂದುತ್ತದೆಂದು, ಕೆತ್ತಿ ಎಣ್ಣೆ ತಿಕ್ಕಿದೆ. ಹಿಡಿಯ ಬಳಿ ಗಂಟಿತ್ತು. ನೋಡಿದ್ದೆ. ಅದರ ಮೇಲೆ ನೂಲು ಸುತ್ತಿದೆ.

ಅವರ ಅಂಗಳದಲ್ಲಿ, ನನ್ನೆದುರೇ ಬಿಲ್ಲು ಮುರಿಯಿತು. ತುಂಡು ಸಾವಿತ್ರಿಯ ಹುಬ್ಬಿನ ಮೇಲೆ ಬಡಿಯಿತು. ಹೊಲಿಗೆ ಬಿತ್ತು, ಕಣ್ಣು ಉಳಿಯಿತು. ಆಸ್ಪತ್ರೆಯ ಬಾಗಿಲಲ್ಲಿ ಮಂಜಣ್ಣ ಕೇಳಿದರು, "ಎಂತ ಆತು ಮಾರಾಯ?"

"ಮರದ್ದೇ ದೋಷ, ಮಂಜಣ್ಣ. ಒಳಗೆ ಸರಿ ಇರ್ಲಿಲ್ಲ."

ಅವರು ವಾದಿಸಲಿಲ್ಲ. "ಹಂಗಾರೆ ನನ್ನ ಕಣ್ಣೇ ತಪ್ತು" ಎಂದರು.

ಅಲ್ಲಿಗೇ ಸುಮ್ಮನಾಗಿದ್ದರೂ ಆಗುತ್ತಿತ್ತೇನೋ — ನಾನು ಊರಲ್ಲೂ ಅದನ್ನೇ ಹೇಳುತ್ತ ಬಂದೆ. ಕೊಡಲಿ ಕಾವಿಗೆ, ನೊಗಕ್ಕೆ ಯಾವ ಮರ ಎಂದು ಕೇಳಲು ಅವರ ಮನೆಗೆ ಹೋಗುತ್ತಿದ್ದ ಜನ ಹೋಗುವುದನ್ನೇ ಬಿಟ್ಟರು. ಯಾರಾದರೂ ಬಂದರೂ ಮಂಜಣ್ಣನೇ ವಾಪಸು ಕಳಿಸುತ್ತಿದ್ದರು.

ಹಲವು ವರ್ಷಗಳಾದ ಮೇಲೆ, ಈ ಬೇಸಿಗೆಯಲ್ಲಿ ಅವರ ಮನೆಗೆ ಹೋಗಿದ್ದೆ. ಸಾವಿತ್ರಿ ಗಂಡನ ಮನೆಯಿಂದ ಬಂದಿದ್ದಳು. ಇನ್ನೊಂದು ಬಿಲ್ಲಿಗೆ ಮರ ಆರಿಸಿಕೊಡು ಎಂದು ಅಪ್ಪನನ್ನು ಕೇಳಿದಳು.

"ಬೇಡ ಮಗಾ. ನಂಗೆ ಮರ ತಿಳಿಯೂದಿಲ್ಲ."

ಚಹಾದ ಲೋಟ ಕೆಳಗಿಟ್ಟೆ. ಇಬ್ಬರ ಎದುರೂ ಎಲ್ಲ ಹೇಳಿದೆ. ಸಾವಿತ್ರಿ ಎದ್ದು ಒಳಗೆ ಹೋದಳು. ಮಂಜಣ್ಣ ಅವಳು ಹೋದ ಬಾಗಿಲ ಕಡೆ ಕೈ ತೋರಿಸಿದರು.

"ಇವಳ ಗಾಯ ಆರ್ತು. ಇಷ್ಟು ವರ್ಷ ನಾ ಮರ ಮುಟ್ಟೂಕೂ ಹೆದರ್ತಿದ್ದೆ. ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಆತು. ಹೋಗು."

ಆಮೇಲೆ ಅವರು ನನ್ನೊಡನೆ ಮಾತಾಡಿಲ್ಲ. ಅಂಗಡಿಗೆ ಬಂದವರಿಗೆ, ಅವರು ಕೇಳದಿದ್ದರೂ, ನಡೆದದ್ದನ್ನು ಹೇಳುತ್ತೇನೆ. ಹೆಚ್ಚಿನವರು ನಂಬುವುದಿಲ್ಲ — ಮುದುಕನ ಮರ್ಯಾದೆ ಉಳಿಸಲು ತಪ್ಪನ್ನು ನನ್ನ ಮೇಲೆ ಹಾಕಿಕೊಳ್ಳುತ್ತಿದ್ದೇನೆಂದು ತಿಳಿದು, ಒಳ್ಳೆಯ ಮನುಷ್ಯ ಎನ್ನುತ್ತಾರೆ. ಅದಕ್ಕೇ ಇದನ್ನು ಬರೆದಿದ್ದೇನೆ.