ತಂಗಿಯ ಮೈಮೇಲೆ ಏಳದ ಗುಳ್ಳೆ

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ದಡಾರಕ್ಕೆ ಯಾರೂ ದಡಾರ ಎನ್ನುತ್ತಿರಲಿಲ್ಲ. ಮನೆಗೆ ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಅಮ್ಮ ಇರುವಷ್ಟು ದಿನ ಅಡುಗೆಗೆ ಒಗ್ಗರಣೆ ಹಾಕುವಂತಿರಲಿಲ್ಲ. ಸಾಸಿವೆ ಸಿಡಿದರೆ ದೇವಿಗೆ ಕೋಪ ಬರುತ್ತದೆಂದು ನಂಬಿಕೆ.

ಕಳಲೆಯ ನಮ್ಮ ಮನೆಯಲ್ಲಿ ನಾನೂ ತಂಗಿಯೂ ಒಂದೇ ಸಲ ಜ್ವರದಲ್ಲಿ ಮಲಗಿದೆವು. ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಕಿವಿಯ ಹಿಂದೆ ಶುರುವಾಗಿ ಮುಖ, ಎದೆಯ ಮೇಲೆಲ್ಲ ಕೆಂಪು ಗುಳ್ಳೆ ಎದ್ದವು. ಕಣ್ಣು ಉರಿಯುತ್ತಿತ್ತು. ಹಾಸಿದ ಬೇವಿನ ಸೊಪ್ಪಿನ ಕಹಿ ವಾಸನೆ ಗಂಟಲಿಗಿಳಿಯುತ್ತಿತ್ತು. ತಂಗಿ ಹುಟ್ಟಿದಾಗಿನಿಂದ ಬಡಕಲು. ಅವಳ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. "ಅಕ್ಕ, ನಿನ್ ಮೂತಿ ಮೆಣ್ಸಿನಕಾಯಿ ರೊಟ್ಟಿ ಇದ್ದಂಗದೆ," ಎಂದು ಮೆಲ್ಲಗೆ ನಕ್ಕಳು.

ಅಜ್ಜಿ ಅವಳ ಬೆನ್ನು ತಿರುಗಿಸಿ ನೋಡಿ, "ಚಿಕ್ಕದುನ್ನ ಅಮ್ಮ ಬುಟ್ಟವ್ಳೆ ಕಣವ್ವ. ನೀನು ದೊಡ್ಡದುನ್ನ ನೋಡ್ಕೊ," ಎಂದು ನಮ್ಮವ್ವನಿಗೆ ಹೇಳಿದರು. ಎಲ್ಲರೂ ನನ್ನ ಸುತ್ತ ಕುಳಿತರು. ತಂಗಿಯನ್ನು ಗೋಡೆ ಪಕ್ಕಕ್ಕೆ ಸರಿಸಿದರು. ಮಧ್ಯಾಹ್ನ ಅವಳು ಸಪ್ಪೆ ಗಂಜಿ ಉಗಿದು, ಒಗ್ಗರಣೆ ಸಾರು ಬೇಕೆಂದು ಅತ್ತಳು. ಎರಡು ದಿನದಿಂದ ಏನೂ ತಿಂದಿರದ ಮಗು. ಅವ್ವ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಂದು ಚಮಚ ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ ಸಾರಿಗೆ ಹಾಕಿದಳು. ಎರಡು ತುತ್ತು ಒಳಗೆ ಹೋಯಿತು. ಸಂಜೆ ಉಸಿರು ಜೋರಾಗಿ, ದೀಪ ಹಚ್ಚುವ ಮೊದಲೇ ತಂಗಿ ಹೋಗಿಬಿಟ್ಟಳು.

"ಹಿತ್ಲಾದ್ರೇನು, ಸಾಸಿವೆ ಸಿಡಿಸ್ದೆ ತಾನೆ. ನಿನ್ ಕೈಯಾರೆ ಕಳ್ಕೊಂಡೆ," ಎಂದರು ಅಜ್ಜಿ. ಅವ್ವ ಸಾಯುವವರೆಗೂ ಅದನ್ನೇ ನಂಬಿದ್ದಳು. ತನ್ನ ತಟ್ಟೆಯ ಸಾರಿಗೆ ಆಮೇಲೆಂದೂ ಒಗ್ಗರಣೆ ಹಾಕಿಕೊಳ್ಳಲಿಲ್ಲ.

ಹೋದ ತಿಂಗಳು ನಿಮ್ಮಲ್ಲಿ ಚಿಕ್ಕವಳಿಗೆ ವೈರಸ್ ಜ್ವರ ಬಂದು ಮೈಯೆಲ್ಲ ಕೆಂಪಾಯಿತಲ್ಲ. ತಿ. ನರಸೀಪುರದ ಡಾಕ್ಟರಮ್ಮ ನೋಡಿ, "ವೈರಸ್ಸು ಚರ್ಮಕ್ಕೆ ಸೇರ್ಕೊಂಡಿದೆ ಅಂತ ರಕ್ತದ ಕಾವಲು ಕಣಗಳು ಅಲ್ಲಿಗೇ ನುಗ್ಗಿ ಹೊಡೆದಾಡ್ತಿವೆ, ಅದಕ್ಕೇ ಈ ಕೆಂಪು," ಎಂದರು. ದಡಾರದಲ್ಲಿ ಗುಳ್ಳೆ ಏಳದಿದ್ದರೆ? ನನಗೆ ಕೇಳಲು ಸಂಕೋಚ, ನಿಮ್ಮಮ್ಮನಿಂದ ಕೇಳಿಸಿದೆ. "ತೀರಾ ನಿತ್ರಾಣದ ಮಕ್ಕಳ ಮೈಗೆ ಹೊಡೆದಾಡೋ ಬಲವೇ ಇರಲ್ಲ. ಆಗ ಗುಳ್ಳೆ ಏಳದೇ ಇರಬಹುದು. ಅಂಥವರಿಗೇ ಅಪಾಯ ಜಾಸ್ತಿ," ಎಂದರು.

ಅವತ್ತು ಎಲ್ಲರೂ ಕಾದು ಕುಳಿತದ್ದು ಹೋರಾಡುತ್ತಿದ್ದ ನನ್ನ ಮೈಯನ್ನು. ಕೈಸೋತಿದ್ದ ಮೈ ಗೋಡೆ ಪಕ್ಕದಲ್ಲಿತ್ತು.

ನಿಮಗೆಲ್ಲ ದಡಾರದ ಚುಚ್ಚುಮದ್ದು ಆಗಿದೆ. ಒಂದು ಚುಕ್ಕೆ ಕಂಡರೂ ನಿಮ್ಮಮ್ಮ ಯಾಕೆ ಎಂದು ಕೇಳುತ್ತಾಳೆ, ಹೇಳುವವರಿದ್ದಾರೆ. ನಮ್ಮವ್ವ ಕೇಳಿದ್ದರೆ ಆ ಮನೆಯಲ್ಲಿ ಒಂದೇ ಉತ್ತರ ಸಿಗುತ್ತಿತ್ತು: ನಿನ್ನಿಂದ. ಅದು ಸುಳ್ಳೆಂದು ನನಗೆ ಈಗ ಗೊತ್ತಾಗಿದೆ. ಹೇಳೋಣವೆಂದರೆ ಅವ್ವ ಇಲ್ಲ.