ಗುಂಡುಸೂಜಿ ಕೊಂಡ ಗ್ರಾಫಿಕ್ಸ್ ಕಾರ್ಡು

ಹೊಲಿಗೆಯಂಗಡಿಯಲ್ಲಿ ಅವನಿಗೆ ಗುಂಡುಸೂಜಿ ಎಂಬ ಹೆಸರು ಬಿದ್ದದ್ದು ಮೈ ತೆಳ್ಳಗಿದೆ ಎಂಬ ಒಂದೇ ಕಾರಣಕ್ಕಲ್ಲ. ಕೆಲಸವಿರಲಿ ಬಿಡಲಿ, ಅವನ ತುಟಿಗಳ ನಡುವೆ ನಾಲ್ಕಾರು ಗುಂಡುಸೂಜಿಗಳು ಇದ್ದೇ ಇರುತ್ತಿದ್ದವು. ಬಾಯಲ್ಲಿ ಸೂಜಿ ಕಚ್ಚಿಕೊಂಡವನನ್ನು ಗಿರಾಕಿಗಳು ಮಾತಾಡಿಸುವುದಿಲ್ಲ ಎಂಬುದನ್ನು ಅವನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಂಡುಕೊಂಡಿದ್ದ. ಈ ಉಪಾಯ ಶಾಲೆಯಲ್ಲಿದ್ದಾಗಲೇ ಹೊಳೆದಿದ್ದರೆ ಓದು ಬಿಡುವ ಪ್ರಮೇಯವೇ ಬರುತ್ತಿರಲಿಲ್ಲವೇನೋ ಎಂದು ಒಮ್ಮೊಮ್ಮೆ ಅಂದುಕೊಳ್ಳುತ್ತಿದ್ದ. ಮೇಷ್ಟರು ಪ್ರಶ್ನೆ ಕೇಳಿದಾಗಲೆಲ್ಲ ಸೂಜಿ ತೋರಿಸಿಬಿಡಬಹುದಿತ್ತು.

ಅಂಗಡಿ ಸೋದರಮಾವನದು. ಹೊಸ ಬಟ್ಟೆ ಹೊಲಿಸುವವರು ಕಡಿಮೆಯಾಗಿ, ಈಗ ಉಳಿದಿರುವುದು ಪ್ಯಾಂಟಿನ ಉದ್ದ ಕತ್ತರಿಸುವುದು, ಜಿಪ್ಪು ಬದಲಿಸುವುದು, ಹೊಟ್ಟೆ ಬಂದವರ ಸೊಂಟ ಬಿಚ್ಚಿ ಅಗಲ ಮಾಡುವುದು. ಮಾವ ಮೆಷಿನ್ ತುಳಿಯುತ್ತಿದ್ದರು, ಗುಂಡುಸೂಜಿ ಅಳೆಯುತ್ತಿದ್ದ. ಅಳೆಯುವುದೆಂದರೆ ಅವನಿಗೆ ಬಲು ಇಷ್ಟ. ಮೂರು ಸಲ ಅಳೆದು ಒಂದು ಸಲ ಗುರುತು ಹಾಕುವವನು. ಇವನ ಕೈಗೆ ಕತ್ತರಿ ಬರುವಷ್ಟರಲ್ಲಿ ಗಿರಾಕಿಯ ಸೊಂಟ ಇನ್ನೊಂದಿಂಚು ಬೆಳೆದಿರುತ್ತದೆ ಎಂದು ಮಾವ ಹಂಗಿಸುತ್ತಿದ್ದರು.

ಮಾತಿಗೆ ಹೆದರುವ ಈ ಪ್ರಾಣಿ ಇಡೀ ಲೋಕದಲ್ಲಿ ಬಾಯಿ ಬಿಡುತ್ತಿದ್ದುದು ಒಬ್ಬರ ಎದುರಿಗೆ ಮಾತ್ರ. ಅದು ಅವನ ಅಕ್ಕ. ಮದುವೆಯಾಗಿ ದೂರದ ಊರು ಸೇರಿದ್ದಳು, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ. ಫೋನಿನಲ್ಲಿ ಅವಳೊಂದಿಗೂ ಅವನದು ಹೂಂ, ಹಾಂ, ಊಟ ಆಯ್ತು, ಅಷ್ಟೇ. ಆದರೆ ಪ್ರತಿ ಭಾನುವಾರ ಮಧ್ಯಾಹ್ನ ಇಬ್ಬರೂ ತಮ್ಮ ತಮ್ಮ ಕಂಪ್ಯೂಟರಿನ ಮುಂದೆ ಕೂತು ಒಂದೇ ಆಟ ಆಡುತ್ತಿದ್ದರು. ಬೆಟ್ಟದ ದಾರಿಯಲ್ಲಿ ಸರಕು ತುಂಬಿದ ಲಾರಿ ಓಡಿಸುವ ಆಟ. ಅವಳ ಲಾರಿ ಮುಂದೆ, ಇವನದು ಹಿಂದೆ, ಇಬ್ಬರ ಕಿವಿಗೂ ಹೆಡ್‌ಫೋನು. ರಸ್ತೆಯ ಮೇಲೆ ಕಣ್ಣು ನೆಟ್ಟಾಗ ಅವನ ನಾಲಿಗೆಯ ಗಂಟು ತಾನಾಗಿ ಸಡಿಲವಾಗುತ್ತಿತ್ತು. ವಾರವಿಡೀ ಕೂಡಿಟ್ಟ ಮಾತುಗಳೆಲ್ಲ ಆ ಘಾಟಿಯ ತಿರುವುಗಳಲ್ಲಿ ಉರುಳಿ ಬರುತ್ತಿದ್ದವು.

ಹಾಗಿರುವಾಗ ಒಂದು ಭಾನುವಾರ ಅಕ್ಕ ಹೇಳಿದಳು. "ನೋಡಿದ್ಯೇನೋ? ಮುಂದಿನ ತಿಂಗಳು ಆಟ ಪೂರ್ತಿ ಹೊಸದಾಗುತ್ತಂತೆ. ಗ್ರಾಫಿಕ್ಸ್ ಕಾರ್ಡ್ ಇಲ್ದಿರೋ ಕಂಪ್ಯೂಟರಲ್ಲಿ ಓಡೋದೇ ಇಲ್ವಂತೆ. ನಿಂದರಲ್ಲಿ ಇದ್ಯಾ?"

"ಇಲ್ಲ."

"ಹಾಗಾದ್ರೆ ನಿನ್ನ ಭಾವನ್ನೇ ಜೊತೆಗೆ ಹಾಕ್ಕೋಬೇಕು. ಅವರು ಓಡಿಸಿದ್ರೆ ಲಾರಿ ರಸ್ತೆಗಿಂತ ಹೊಳೆಯಲ್ಲೇ ಜಾಸ್ತಿ ಇರುತ್ತೆ."

"ಬೇಡ ಬೇಡ. ನಾನು ತಗೋತೀನಿ," ಎಂದ ಗುಂಡುಸೂಜಿ. ಅವಳು ತಮಾಷೆಗೆ ಹೇಳಿದ್ದಳು. ಇವನು ಮಾತ್ರ ಅದನ್ನು ನಿಜವೆಂದೇ ನಂಬಿದ. ಭಾನುವಾರವೊಂದು ಹೋದರೆ ತನ್ನ ವಾರದಲ್ಲಿ ಉಳಿಯುವುದು ಬರೀ ಪ್ಯಾಂಟುಗಳು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಗ್ರಾಫಿಕ್ಸ್ ಕಾರ್ಡೆಂದರೆ ಪರದೆಯ ಮೇಲೆ ಚಿತ್ರ ಬಿಡಿಸುವುದಕ್ಕೆಂದೇ ಕಂಪ್ಯೂಟರಿನೊಳಗೆ ಕೂರುವ, ಫ್ಯಾನು ಹೊತ್ತ ಒಂದು ಹಲಗೆ. ಶಕ್ತಿ ಹೆಚ್ಚಾದಷ್ಟೂ ಚಿತ್ರ ಚೆಂದ, ಬೆಲೆ ಏರು. ಗುಂಡುಸೂಜಿ ಕೂಡಿಟ್ಟದ್ದರಲ್ಲಿ ಹೊಸ ಕಾರ್ಡಿನ ಡಬ್ಬ ಬರಬಹುದಿತ್ತು, ಒಳಗಿನ ಕಾರ್ಡು ಬರುತ್ತಿರಲಿಲ್ಲ. ಆದ್ದರಿಂದ ಹಳೆಯದನ್ನೇ ಹುಡುಕಬೇಕು. ಅವನು ವಿಡಿಯೋಗಳನ್ನು ನೋಡತೊಡಗಿದ. ನಿನ್ನೆ ಒಬ್ಬ ಹೊಗಳಿ ಅಟ್ಟಕ್ಕೇರಿಸಿದ ಕಾರ್ಡನ್ನು ಇವತ್ತು ಇನ್ನೊಬ್ಬ ಮುಟ್ಟಲೇಬೇಡಿ ಎನ್ನುತ್ತಿದ್ದ. ಇವನು ಇಬ್ಬರ ಮಾತಿಗೂ ತಲೆದೂಗುತ್ತಿದ್ದ. ಒಂದು ಚರ್ಚಾ ತಾಣದಲ್ಲಿ ತನ್ನ ಪ್ರಶ್ನೆಯನ್ನು ಬರೆದ, ತಿದ್ದಿದ, ಇನ್ನಷ್ಟು ವಿನಯ ಬೆರೆಸಿದ, ಕೊನೆಗೆ ಯಾರಾದರೂ ಉತ್ತರ ಕೊಟ್ಟುಬಿಟ್ಟರೆ ಏನು ಗತಿ ಎಂದು ಹೆದರಿ ಅಳಿಸಿಹಾಕಿದ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹಳೆ ಕಂಪ್ಯೂಟರ್ ಸಾಮಾನಿನ ಅಂಗಡಿಯೊಂದಿತ್ತು. ಗಲ್ಲಾದಲ್ಲಿ ಕೂರುತ್ತಿದ್ದ ಮೇಡಂ ಬಾಯಿ ತುಂಬ ಮಾತಾಡುವವರು. ಗುಂಡುಸೂಜಿ ಕಾರ್ಡಿನ ವಿಷಯ ಕೇಳಲೆಂದು ಹೋಗುತ್ತಿದ್ದ. ಅವರು "ಏನು ಬೇಕು ತಮ್ಮಾ?" ಎಂದ ಕೂಡಲೇ ಎದುರಿಗೆ ನೇತಾಡುತ್ತಿದ್ದುದನ್ನು ಬೆರಳು ಮಾಡಿ ತೋರಿಸಿ, ಕೊಂಡು, ಹೊರಬೀಳುತ್ತಿದ್ದ. ಹೀಗೆ ಮನೆಗೆ ಮೂರು ಬಗೆಯ ವೈರು, ಪರದೆ ಒರೆಸುವ ಬಟ್ಟೆ, ಒಂದು ಮೌಸ್ ಪ್ಯಾಡು ಬಂದವು. ಮೌಸ್ ಪ್ಯಾಡಿನ ಮೇಲೆ ಹುಲಿಯ ಚಿತ್ರವಿತ್ತು. ಕಾರ್ಡಿನ ದುಡ್ಡು ನಾಚಿಕೆಯ ಬಾಬ್ತಿನಲ್ಲಿ ಸೋರುತ್ತಿರುವುದನ್ನು ಆ ಹುಲಿ ಅವನನ್ನೇ ದಿಟ್ಟಿಸುತ್ತ ನೆನಪಿಸುತ್ತಿತ್ತು.

ಕೊನೆಗೆ ಮೇಡಂ ಅವರೇ ಕನಿಕರಪಟ್ಟರು. "ತಮ್ಮಾ, ವೈರು ಸಾಕಷ್ಟಾಯ್ತಲ್ಲ. ನಿಜವಾಗಿ ಏನು ಬೇಕಾಗಿತ್ತು?"

"ಕಾರ್ಡು," ಎಂದ.

ಒಂದೇ ಪದವಾದರೂ ಬಾಗಿಲು ತೆರೆಯಿತು. ಅವರು ಡಬ್ಬದ ಸಮೇತ ಎರಡು ಕಾರ್ಡು ತಂದು ಮೇಜಿನ ಮೇಲಿಟ್ಟರು. ಒಂದು ಉದ್ದನೆಯದು, ಬಲವಾದದ್ದು. ಇನ್ನೊಂದು ಮೋಟು, ಕಸುವು ಕಡಿಮೆ. ಬೆಲೆಯಲ್ಲಿ ಹೆಚ್ಚು ಅಂತರವಿರಲಿಲ್ಲ, ಎರಡೂ ಅವನ ಕೈಗೆಟುಕುವಂತಿದ್ದವು. "ಉದ್ದಂದು ತಗೋ, ಚೆನ್ನಾಗಿದೆ. ಆದ್ರೆ ನಿನ್ನ ಕಂಪ್ಯೂಟರ್ ಕ್ಯಾಬಿನೆಟ್ ಒಳಗೆ ಜಾಗ ಇದ್ಯಾ ನೋಡ್ಕೊಂಡು ಬಾ. ಹಿಡಿಸಲಿಲ್ಲ ಅಂತ ಆಮೇಲೆ ಅಳಬೇಡ."

ಗುಂಡುಸೂಜಿ ಎರಡೂ ಡಬ್ಬಗಳ ಮೇಲೆ ಅಚ್ಚಾಗಿದ್ದ ಉದ್ದವನ್ನು ನೆನಪಿನಲ್ಲಿಟ್ಟುಕೊಂಡ. ಅಳತೆ ಎಂದ ಕೂಡಲೇ ಅವನಿಗೆ ಹೋದ ಜೀವ ಬಂದಂತಾಗಿತ್ತು. ಹೊಲಿಗೆಯಂಗಡಿಯ ಟೇಪನ್ನು ಮನೆಗೆ ಒಯ್ದು, ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಒಳಗಿನ ಜಾಗವನ್ನು ಮೇಲಿಂದ ಅಳೆದ, ಕೆಳಗಿಂದ ಅಳೆದ, ಉಸಿರು ಬಿಗಿಹಿಡಿದು ಅಳೆದ. ಪ್ರತಿ ಸಲವೂ ಉದ್ದನೆಯ ಕಾರ್ಡಿಗೆ ಒಂದು ಅಕ್ಕಿಕಾಳಿನಷ್ಟು ಜಾಗ ಸಾಲದೆ ಬಂತು.

ಮಾರನೆಯ ದಿನ ಅಂಗಡಿಯಲ್ಲಿ ಮಾವ ಅವನ ಸಪ್ಪೆ ಮುಖ ನೋಡಿ ಕಾರಣ ಕೇಳಿದರು. ಅವನು ಎರಡು ಬೆರಳ ನಡುವೆ ಅಕ್ಕಿಕಾಳಿನಷ್ಟು ಸಂದು ಮಾಡಿ ತೋರಿಸಿದಾಗ, "ಅಕ್ಕಿಕಾಳಿನಷ್ಟಕ್ಕೆ ಯಾಕೋ ಅಳ್ತೀಯ? ಒಳಗೆ ಮಡಚಿ ಹೊಲಿ," ಎಂದರು. ಕಾರ್ಡನ್ನು ಮಡಚಲು ಬರುವುದಿಲ್ಲ ಎಂದು ವಿವರಿಸಲು ಇವನು ಬಾಯಿಯ ಸೂಜಿ ತೆಗೆಯಬೇಕಾಗಿತ್ತು. ತೆಗೆಯಲಿಲ್ಲ.

ಮೇಡಂ ಬಳಿ ಹೋಗಿ ಮೋಟು ಕಾರ್ಡನ್ನೇ ಕೊಡಿ ಎಂದ. ಅವರು ಹುಬ್ಬೇರಿಸಿದರು. "ಅಷ್ಟು ಕಡಿಮೆ ಬರುತ್ತಾ? ಕ್ಯಾಬಿನೆಟ್ಟನ್ನೇ ಎತ್ಕೊಂಡು ಬಾ, ಇಲ್ಲೇ ಕೂರಿಸಿ ನೋಡೋಣ."

ಕ್ಯಾಬಿನೆಟ್ಟನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂರುವುದು, ಎಲ್ಲರೂ ತನ್ನನ್ನೇ ನೋಡುವುದು ಅವನ ಕಣ್ಣ ಮುಂದೆ ಬಂತು. ಆಗ ಆ ಹುಡುಗ ತಲೆಯೆತ್ತಿ, ಎದೆ ಸೆಟೆಸಿ, ಒಂದು ಇಡೀ ವಾಕ್ಯ ಹೇಳಿದ.

"ಅಳತೆ ಮಾಡೋದೇ ನಮ್ಮ ಕಸುಬು, ಮೇಡಂ."

ಪರರ ಎದುರು ಅವನು ಜಂಬದಿಂದ ಆಡಿದ ಮೊದಲ ಮಾತು ಅದು. ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕಿಕೊಂಡು ಖುಷಿಪಟ್ಟ.

ಖುಷಿ ಮನೆಯವರೆಗೆ ಮಾತ್ರ ಉಳಿಯಿತು. ಮೋಟು ಕಾರ್ಡನ್ನು ಕೂರಿಸಿ ನೋಡಿದರೆ ಅದರ ಮುಂದೆ ಧಾರಾಳ ಜಾಗ, ಬೆಕ್ಕೊಂದು ಸಂಸಾರ ಹೂಡಬಹುದಿತ್ತು. ಲೆಕ್ಕದ ಪ್ರಕಾರ ಇಷ್ಟು ಉಳಿಯಬಾರದು. ಕಾರ್ಡನ್ನು ಹೊರತೆಗೆದು ಅಳೆದ. ಅದರದೇ ಡಬ್ಬದ ಮೇಲೆ ಅಚ್ಚಾಗಿದ್ದ ಉದ್ದಕ್ಕಿಂತ ಕಾರ್ಡು ಚಿಕ್ಕದು. ತನಗೆ ಮೋಸವಾಗಿದೆ ಎಂದು ಅವನಿಗೆ ಖಾತ್ರಿಯಾಯಿತು. ಇಷ್ಟು ದೊಡ್ಡ ಕಂಪನಿ ಬಡವನ ಕಾರ್ಡಿಗೆ ಹೀಗೆ ಕತ್ತರಿ ಹಾಕುವುದೇ? ಕೆರಳಿದವನು ಕಾರ್ಡನ್ನೂ ಟೇಪನ್ನೂ ಹಿಡಿದು ನೇರ ಮಾವನ ಬಳಿಗೆ ಹೋದ.

ಮಾವ ಟೇಪನ್ನು ಒಮ್ಮೆ ನೋಡಿದರು. ಮೆಷಿನ್ನಿನ ಡ್ರಾಯರಿನಿಂದ ಹೊಸ ಟೇಪೊಂದನ್ನು ತೆಗೆದು, ಹಳೆಯದರ ಪಕ್ಕದಲ್ಲಿ ಹಾಸಿದರು. ಎರಡೂ ಒಂದೇ ಕಡೆ ಶುರುವಾದವು. ಅಂಕಿಗಳು ಮಾತ್ರ ಹೋಗಹೋಗುತ್ತ ದೂರವಾದವು. ವರ್ಷಗಟ್ಟಲೆ ಸೊಂಟಗಳ ಸುತ್ತ ಎಳೆಸಿಕೊಂಡು ಹಳೆಯ ಟೇಪು ಜಗ್ಗಿಹೋಗಿತ್ತು. ಅದರ ಒಂದಿಂಚು ನಿಜದ ಇಂಚಿಗಿಂತ ಉದ್ದ. ಹಾಗಾಗಿ ಅದು ಯಾವುದನ್ನು ಅಳೆದರೂ ಕಡಿಮೆಯೇ ಹೇಳುತ್ತಿತ್ತು, ಕಾರ್ಡನ್ನೂ, ಕ್ಯಾಬಿನೆಟ್ಟಿನ ಜಾಗವನ್ನೂ.

"ಇಷ್ಟು ದಿನ ಇದ್ರಲ್ಲೇ ಪ್ಯಾಂಟು ಅಳೆದ್ವಲ್ಲ, ಮಾವ?"

"ಅಳೆದ್ವಿ. ಮೈಗೂ ಇದೇ ಟೇಪು, ಬಟ್ಟೆಗೂ ಇದೇ ಟೇಪು. ಎರಡು ಕಡೆನೂ ಅಷ್ಟೇ ತಪ್ಪಿದ್ರೆ ಪ್ಯಾಂಟು ಸರಿಯಾಗೇ ಕೂರುತ್ತೆ. ನೀನು ಹೋಗಿ ಊರವರ ಅಂಕಿ ಜೊತೆ ಹೋಲಿಸಿದ್ರೆ ಅದೇನು ಮಾಡುತ್ತೆ ಪಾಪ?"

"ಜಗ್ಗಿದೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು. ನೀನು ಹುಟ್ಟೋಕೆ ಮುಂಚೆಯಿಂದ ಜಗ್ತಾ ಇದೆ."

"ಹೇಳಬಾರದಿತ್ತಾ?"

"ನೀನು ಕೇಳಿದ್ಯೇನೋ?" ಎಂದು ಮಾವ ಮತ್ತೆ ಮೆಷಿನ್ ತುಳಿಯತೊಡಗಿದರು.

ಅಂದೇ ಸಂಜೆ ಗುಂಡುಸೂಜಿ ಮೇಡಂ ಅಂಗಡಿಗೆ ಹೋದ. ಕೊಂಡದ್ದನ್ನು ಬದಲಿಸಿ ಕೊಡಿ ಎಂದು ಕೇಳುವುದು ಅವನ ಮಟ್ಟಿಗೆ ಪರ್ವತ ಹತ್ತಿದಂತೆ. ಕೇಳುವ ಮಾತನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ. ಅಂಗಡಿಯೊಳಗೆ ಕಾಲಿಟ್ಟಾಗ ಕಣ್ಣು ಅಭ್ಯಾಸಬಲದಿಂದ ವೈರುಗಳ ಕಡೆ ಹೋಯಿತು. ಅದನ್ನು ಎಳೆದು ತಂದು, "ಮೇಡಂ, ನನ್ನ ಅಳತೆ ತಪ್ಪಾಗಿತ್ತು. ಉದ್ದನೆ ಕಾರ್ಡು ಇದ್ಯಾ?" ಎಂದು ಕೇಳಿಯೇಬಿಟ್ಟ.

"ಅಯ್ಯೋ, ಅದು ಆಗಲೇ ಮಾರಿಹೋಯ್ತಲ್ಲಪ್ಪಾ," ಎಂದರು ಮೇಡಂ. ನಗಲಿಲ್ಲ. ಕಸುಬಿನ ವಿಷಯವನ್ನೂ ಎತ್ತಲಿಲ್ಲ. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ಅವನಿಗೆ. "ಇದರಲ್ಲೂ ಓಡುತ್ತೆ ತಮ್ಮಾ. ಚಿತ್ರದ ಗುಣಮಟ್ಟ ಎಲ್ಲಕ್ಕಿಂತ ಕೆಳಗೆ ಇಟ್ಕೋ. ಸ್ವಲ್ಪ ಮಂಕಾಗಿ ಕಾಣುತ್ತೆ, ಅಷ್ಟೇ."

ಭಾನುವಾರ ಬಂತು, ಹೊಸ ಆಟವೂ ಬಂತು. ಗುಂಡುಸೂಜಿ ಚಿತ್ರದ ಗುಣಮಟ್ಟವನ್ನೆಲ್ಲ ಕೆಳಗಿಟ್ಟು, ದೇವರ ಮೇಲೆ ಭಾರ ಹಾಕಿ ಗುಂಡಿ ಒತ್ತಿದ. ಪರದೆ ಕಪ್ಪಾಯಿತು. ಕಪ್ಪಾಗಿಯೇ ಇತ್ತು. ಕಾರ್ಡಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಮೊರೆಯಿತು. ತುಂಬ ಹೊತ್ತು ಕಾಯಿಸಿ, ಕೊನೆಗೆ ರಸ್ತೆಯೊಂದು ಮೂಡಿತು. ಅದರ ಮೇಲೆ ಅಕ್ಕನ ಲಾರಿ. ಓಡುತ್ತಿತ್ತು, ಎಡವದೆ ಓಡುತ್ತಿತ್ತು. ಆದರೆ ಮರಗಳು ತಲೆಕೆಳಗಾಗಿ ನೆಟ್ಟ ಪೊರಕೆಗಳಂತಿದ್ದವು, ಬೆಟ್ಟಗಳು ಇಸ್ತ್ರಿ ಮಾಡಿ ನಿಲ್ಲಿಸಿದಂತಿದ್ದವು.

"ಎಷ್ಟು ಚೆನ್ನಾಗಿ ಮಾಡಿದ್ದಾರೋ," ಎಂದಳು ಅಕ್ಕ ಸೇತುವೆಯ ಹತ್ತಿರ. "ಆ ಕೆರೆ ನೋಡು."

ಅವನು ನೋಡಿದ. ಕೆರೆಯಿರಬೇಕಾದ ಕಡೆ ಸಿಮೆಂಟು ಬಳಿದ ಅಂಗಳವಿತ್ತು. ಹೂಂ, ಚೆನ್ನಾಗಿದೆ ಎಂದುಬಿಡುವುದು ಸುಲಭ. ಹುಟ್ಟಿದಾಗಿನಿಂದ ಅವನು ಮಾಡಿಕೊಂಡು ಬಂದದ್ದೂ ಅದೇ. ಹೂಂ ಎನ್ನುವುದು ಬಾಯಿಯ ತುದಿಗೆ ಬಂದಿತ್ತು.

"ಅಕ್ಕಾ, ನಿಂಗೆ ಏನೇನು ಕಾಣ್ತಿದೆ? ಹೇಳ್ತೀಯಾ?" ಎಂದ.

"ಯಾಕೋ? ನಿಂಗೆ ಕಾಣ್ತಿಲ್ವಾ?"

ಆಗ ಅವನು ಎಲ್ಲವನ್ನೂ ಹೇಳಿದ. ವೈರುಗಳು, ಹುಲಿ, ಅಕ್ಕಿಕಾಳು. ಕಂಪನಿಯ ಮೇಲೆ ತಾನು ದೂರು ಹೊತ್ತು ಓಡಿದ್ದು. ಮಾವ ಎರಡು ಟೇಪುಗಳನ್ನು ಪಕ್ಕಪಕ್ಕ ಹಾಸಿದ ಕಡೆಗೆ ಬರುವಷ್ಟರಲ್ಲಿ ಅಕ್ಕನಿಗೆ ನಗು ತಡೆಯಲಾಗದೆ, ಅವಳ ಲಾರಿ ಸೇತುವೆಯ ನಡುವೆ ಅಡ್ಡಡ್ಡ ನಿಂತಿತು. ಹಿಂದೆ ಯಾರು ಯಾರದೋ ಲಾರಿಗಳು ಬಂದು ಹಾರ್ನ್ ಹಾಕತೊಡಗಿದವು.

"ಹಾಕ್ಕೊಳ್ಲಿ ಬಿಡು," ಎಂದಳು ಅಕ್ಕ ಉಸಿರು ಎಳೆದುಕೊಳ್ಳುತ್ತ. "ಅಳತೆ ಮಾಡೋದೇ ನಮ್ಮ ಕಸುಬು ಅಂತ ಹೇಳಿದ್ದು ಹೇಗೆ? ಅವರಿಗೆ ಹೇಳಿದ ಹಾಗೇ ಹೇಳು."

ಗುಂಡುಸೂಜಿ ಗಂಟಲು ಸರಿಮಾಡಿಕೊಂಡು, ಎದೆ ಸೆಟೆಸಿ, ಹೇಳಿ ತೋರಿಸಿದ.