ಅತ್ತೆಯ ಹಪ್ಪಳ ಟೀವಿಯಲ್ಲಿ ಬಂದದ್ದು

ಎಲ್ಲರ ಮನೆಯಲ್ಲೂ ಟೀವಿಯಲ್ಲಿ ಜಾಹೀರಾತು ಬಂದ ಕೂಡಲೇ ಜನ ಎದ್ದು ಹೋಗುತ್ತಾರೆ. ಒಲೆಯ ಮೇಲಿನ ಹಾಲು ನೋಡುವುದು, ಯಾರಿಗೋ ಫೋನು ಮಾಡುವುದು, ಎಲ್ಲ ಆ ಹೊತ್ತಿಗೇ. ಹೊನ್ನಾವರದ ನಮ್ಮ ಮನೆಯಲ್ಲಿ ಮಾತ್ರ ತಿರುಗಾಮುರುಗಾ. ಧಾರಾವಾಹಿ ನಡೆಯುವಾಗ ನನ್ನ ಅತ್ತೆ ಅಡುಗೆಮನೆಯಲ್ಲಿರುತ್ತಾರೆ. ಜಾಹೀರಾತಿನ ಸದ್ದು ಕೇಳಿತೋ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಧಾರಾವಾಹಿಯವರು ತಮ್ಮತಮ್ಮಲ್ಲೇ ಸುಳ್ಳು ಹೇಳಿಕೊಳ್ಳುತ್ತಾರೆ, ಅದಕ್ಕೆ ನಾವೇಕೆ ತಲೆ ಹಾಕಬೇಕು. ಜಾಹೀರಾತಿನವರು ನಮ್ಮ ಮುಖ ನೋಡಿಕೊಂಡೇ ಹೇಳುತ್ತಾರೆ, ಉತ್ತರ ಕೊಡದಿದ್ದರೆ ಒಪ್ಪಿಕೊಂಡ ಹಾಗಾಗುತ್ತದೆ ಎಂದು ಅವರ ವಾದ.

ಉತ್ತರವೆಂದರೆ ಎಂಥ ಉತ್ತರ! ಮಗ ಕೆಸರಲ್ಲಿ ಹೊರಳಿ ಬಂದದ್ದನ್ನು ನೋಡಿ ತಾಯಿ ನಗುತ್ತಾಳಲ್ಲ, ಅವಳಿಗೆ ಬಟ್ಟೆ ಒಗೆಯಲು ಆಳಿರಬೇಕು, ಸ್ವಂತ ಕೈಯಲ್ಲಿ ಒಗೆಯುವವಳು ಹಾಗೆ ನಗುವುದಿಲ್ಲ ಎನ್ನುತ್ತಿದ್ದರು. ತಲೆಗೂದಲು ಗಾಳಿಗೆ ಹಾರಿಸಿಕೊಂಡು ಅಡುಗೆಮನೆಗೆ ಬಂದ ಹುಡುಗಿಗೆ, ಜಡೆ ಹಾಕಿಕೋ ಮಾರಾಯ್ತಿ, ನಾಳೆ ಸಾರಿನಲ್ಲಿ ಸಿಕ್ಕೀತು ಎಂದು ಬುದ್ಧಿ ಹೇಳುತ್ತಿದ್ದರು. ಬಿಳಿ ಕೋಟು ಹಾಕಿಕೊಂಡು ಹಲ್ಲುಪುಡಿ ಮಾರುವವನನ್ನು ಕಂಡರೆ ಅವರಿಗೆ ವಿಶೇಷ ಕನಿಕರ. ಪಾಪ, ಡಾಕ್ಟರಿಕೆ ನಡೆಯಲಿಲ್ಲ ಕಾಣುತ್ತದೆ ಎಂದು ನಿಟ್ಟುಸಿರು ಬಿಡುತ್ತಿದ್ದರು. ನನ್ನ ಗಂಡ ನಕ್ಕು ನಕ್ಕು ಸುಸ್ತಾಗುತ್ತಿದ್ದರೆ ಅತ್ತೆಯ ಮುಖದಲ್ಲಿ ನಗುವಿನ ಸುಳಿವೂ ಇರುತ್ತಿರಲಿಲ್ಲ.

ಹಾಗಂತ ಬೈಯುವುದೇ ಅವರ ಕಸುಬಲ್ಲ. ಅನುಮಾನ ಬಂದರೆ ತರಿಸಿ ನೋಡುತ್ತಿದ್ದರು. ಸೊಳ್ಳೆ ಪಟಪಟ ಬಿದ್ದು ಸಾಯುತ್ತದೆ ಎಂದು ತೋರಿಸಿದ ಬತ್ತಿಯನ್ನು ತರಿಸಿ ಹಚ್ಚಿದರು. ನಮ್ಮ ಹೊನ್ನಾವರದ ಸೊಳ್ಳೆ ಆ ಬತ್ತಿಯ ಡಬ್ಬಿಯ ಮೇಲೆಯೇ ಕೂತು ವಿಶ್ರಾಂತಿ ತೆಗೆದುಕೊಂಡಿತು. ಆದರೆ ಪಾತ್ರೆ ತಿಕ್ಕುವ ಒಂದು ಸಾಬೂನನ್ನು ಮಾತ್ರ ಒಪ್ಪಿಕೊಂಡರು. ಆ ಜಾಹೀರಾತು ಬಂದಾಗ ಸುಮ್ಮನೆ ತಲೆಯಾಡಿಸುತ್ತಿದ್ದರು. ಅವರ ಬಾಯಿಂದ ಏನೂ ಬರಲಿಲ್ಲವೆಂದರೆ ಅದೇ ದೊಡ್ಡ ಹೊಗಳಿಕೆ. ಇದು ಸೊಸೆಯಾಗಿ ಬಂದ ಹೊಸತರಲ್ಲಿ ನನಗೆ ಗೊತ್ತಿರಲಿಲ್ಲ, ಗೊತ್ತಾಗುವಷ್ಟರಲ್ಲಿ ಸುಮಾರು ಅತ್ತಿದ್ದೆ.

ಈ ಅತ್ತೆ ಹಲಸಿನಕಾಯಿ ಹಪ್ಪಳ ಮಾಡುತ್ತಾರೆ. ಅವರ ತವರು ಕತಗಾಲ. ಬೇಸಿಗೆಯಲ್ಲಿ ಅಲ್ಲಿಂದ ಬೆಳೆದ ಕಾಯಿ ಬರುತ್ತದೆ. ತೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ರುಬ್ಬಿ, ಉಪ್ಪು ಮೆಣಸು ಜೀರಿಗೆ ಬೆರೆಸಿ, ಉಂಡೆ ಕಟ್ಟಿ ಒತ್ತಿ, ತಾರಸಿಯಲ್ಲಿ ಚಾಪೆಯ ಮೇಲೆ ಒಣಗಿಸುವುದು. ಕೇರಿಯ ಹೆಂಗಸರೆಲ್ಲ ಕೈ ಹಾಕುತ್ತಾರೆ. ಆದರೆ ಹಿಟ್ಟಿನ ಹದ ನೋಡುವುದು ಅತ್ತೆ ಒಬ್ಬರೇ. ಎಷ್ಟೋ ಮದುವೆಮನೆಗಳ ಬಾಳೆಲೆಗೆ ಅವರ ಹಪ್ಪಳ ಬಿದ್ದಿದೆ. ಉಂಡವರು ಹಪ್ಪಳ ಚಲೋ ಇದ್ದು ಎಂದು ಹೇಳಿ ಕೈ ತೊಳೆದು ಹೋಗಿದ್ದಾರೆ. ಮಾಡಿದವರು ಯಾರೆಂದು ಒಬ್ಬರೂ ಕೇಳಿದ್ದಿಲ್ಲ. ಅತ್ತೆಗಿಲ್ಲದ ಹೊಟ್ಟೆಯುರಿ ನನಗಿತ್ತು.

ನಾನು ಪತ್ತಿನ ಸಂಘವೊಂದರಲ್ಲಿ ಗುಮಾಸ್ತೆ. ಮಾತು ಜಾಸ್ತಿ, ಸಿಟ್ಟು ಮೂಗಿನ ತುದಿಯಲ್ಲಿ, ಹಿಡಿದದ್ದು ಬಿಡುವವಳಲ್ಲ. ಒಂದು ಬೇಸಿಗೆಯಲ್ಲಿ ಹಪ್ಪಳಕ್ಕೆ ಪ್ಯಾಕೆಟ್ಟು ಮಾಡಿಸಿ, ಅದರ ಮೇಲೆ ಅತ್ತೆಯ ಹೆಸರಿನ ಚೀಟಿ ಅಂಟಿಸಿ, ಕುಮಟಾದ ದೊಡ್ಡ ಅಂಗಡಿಗೆ ಒಯ್ದೆ. ಅಂಗಡಿಯ ಧಣಿ ನನ್ನ ಕಾಟ ತಾಳಲಾರದೆ ಬಿಸ್ಕೀಟಿನ ಪಕ್ಕ ಮೊಳದಷ್ಟು ಜಾಗ ಬಿಟ್ಟುಕೊಟ್ಟರು. ಅತ್ತೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದೆ. ಟೀವಿಯಲ್ಲಿ ಬರುವ ಸಾಮಾನುಗಳ ನಡುವೆ ತಮ್ಮ ಹೆಸರು ನೋಡಿ ಅವರು ಸುಮಾರು ಹೊತ್ತು ಅಲ್ಲೇ ನಿಂತರು. ವಾಪಸು ಬಂದು ಮನೆ ಬಾಗಿಲು ತೆಗೆಯುವಾಗ, “ನಮ್ಮ ಹಪ್ಪಳಕ್ಕೂ ಒಂದು ಜಾಗ ಆತು” ಅಂದರು. ಅಷ್ಟು ವರ್ಷದಲ್ಲಿ ಅವರು ಏನನ್ನಾದರೂ ಬಯಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮಳೆಗಾಲ ಹಿಡಿಯಿತು, ಹಪ್ಪಳ ಕದಲಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ? ಧಣಿ ಒಳ್ಳೆಯವರೇ, ಆದರೆ ವ್ಯಾಪಾರಸ್ಥರು. ಜನ ಟೀವಿಯಲ್ಲಿ ಕಂಡದ್ದನ್ನು ಕೇಳುತ್ತಾರೆ, ಕಾಣದ್ದನ್ನು ಕೇಳುವುದಿಲ್ಲ. ಚೌತಿಯವರೆಗೆ ನೋಡುತ್ತೇನೆ, ಆಮೇಲೆ ಆ ಜಾಗ ಬಿಸ್ಕೀಟಿನವರಿಗೆ ಎಂದರು. ಬೇಕಾದರೆ ಲೋಕಲ್ ಕೇಬಲ್ಲಿನಲ್ಲಿ ಒಂದು ಜಾಹೀರಾತು ಹಾಕಿಸಿ ಎಂದೂ ಅವರೇ ಹೇಳಿದರು. ಆ ಕೇಬಲ್ಲು ಹೊನ್ನಾವರ, ಕುಮಟಾ, ಭಟ್ಕಳ ಮೂರೂ ಕಡೆಗೆ ಹೋಗುತ್ತದೆ.

ಅತ್ತೆಯನ್ನು ಒಪ್ಪಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಜಾಗ ಹೋಗುತ್ತದೆ ಎಂದ ಮೇಲೆಯೇ ಅವರು ಹೂಂ ಅಂದದ್ದು. ಕೇಬಲ್ಲಿನವರು ಕ್ಯಾಮೆರಾ ಹಿಡಿದುಕೊಂಡು ಬಂದು ನಮ್ಮ ಜಗಲಿಯಲ್ಲಿ ಅವರನ್ನು ಕೂರಿಸಿದರು. ‘ಉತ್ತರ ಕನ್ನಡದ ನಂಬರ್ ಒನ್ ಹಪ್ಪಳ’ ಎಂದು ಹೇಳಬೇಕೆಂದು ನಾನು ಬೆಳಗಿನಿಂದ ಬಾಯಿಪಾಠ ಮಾಡಿಸಿದ್ದೆ. ಅತ್ತೆ ಕರಿದ ಹಪ್ಪಳದ ತಟ್ಟೆ ಹಿಡಿದುಕೊಂಡು ಕ್ಯಾಮೆರಾ ನೋಡಿದರು, ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಬಾಗಿಲಿಗೆ ಬಂದ ನೆಂಟರಿಗೆ ಹೇಳುವ ಧ್ವನಿಯಲ್ಲೇ ಹೇಳಿದರು: “ಎಂತದೂ ಇಲ್ಲೆ, ಹಂಗೇ ಮನೆಲ್ಲಿ ಮಾಡಿದ್ದು. ಉಪ್ಪು ಖಾರ ಹೆಚ್ಚುಕಮ್ಮಿ ಇಕ್ಕು, ಹೊಂದಿಸ್ಕಳಿ. ಈ ಬದಿಗೆ ಬಂದಾಗ ಮನೆಗೆ ಬನ್ನಿ, ಒಂದು ಹಪ್ಪಳ ತಿಂದ್ಕಂಡು ಹೋಗಲಕ್ಕು.”

ನಮ್ಮ ಕಡೆಯ ರೀತಿಯೇ ಹಾಗೆ. ಪಾಯಸ, ಎರಡು ಥರದ ಪಲ್ಯ, ಹೋಳಿಗೆ ಎಲ್ಲ ಮಾಡಿಟ್ಟುಕೊಂಡು, ಎಂತದೂ ಇಲ್ಲ, ಬರೀ ಅನ್ನ ಸಾರು ಎನ್ನುತ್ತಾರೆ. ತನ್ನ ಅಡುಗೆಯನ್ನು ತಾನೇ ಹೊಗಳಿಕೊಳ್ಳುವುದೆಂದರೆ ಉಟ್ಟ ಸೀರೆಯ ಬೆಲೆ ತಾನೇ ಹೇಳಿಕೊಂಡು ತಿರುಗಿದ ಹಾಗೆ. ಹಾಗೆ ಹೇಳುವ ನಾಲಿಗೆ ಅತ್ತೆಗೆ ಇಲ್ಲ. ಎರಡನೇ ಸಲ ಹೇಳಿಸಿದರೂ ಅದೇ ಬಂತು. ಕೇಬಲ್ಲಿನವರಿಗೆ ಬೇರೆ ಕಡೆ ಹೋಗುವ ಅವಸರ. ಇದ್ದದ್ದನ್ನೇ ಹಾಕಿ, ಕೆಳಗೆ ಕುಮಟಾದ ಅಂಗಡಿಯ ಹೆಸರಿನ ಜೊತೆಗೆ ನಮ್ಮ ಮನೆಯ ವಿಳಾಸವನ್ನೂ ಓಡಿಸಿಬಿಟ್ಟರು.

ಮೊದಲ ದಿನ ನೋಡಿದಾಗ ನನ್ನ ತಲೆ ಕೆಟ್ಟುಹೋಯಿತು. ಮೊದಲು ನಂಬರ್ ಒನ್ ಸೀರೆ ಅಂಗಡಿ, ಆಮೇಲೆ ನಂಬರ್ ಒನ್ ಫರ್ನಿಚರ್, ನಡುವೆ ನಮ್ಮತ್ತೆ, ಎಂತದೂ ಇಲ್ಲೆ! ಯಾರಾದರೂ ತಮ್ಮ ಸಾಮಾನಿಗೆ ಉಪ್ಪು ಖಾರ ಹೆಚ್ಚುಕಮ್ಮಿ ಇರಬಹುದು ಎಂದು ಜಾಹೀರಾತು ಕೊಡುತ್ತಾರೆಯೇ? ಸಂಘದಲ್ಲಿ ಸಹೋದ್ಯೋಗಿಗಳು ನನ್ನನ್ನು ಕಾಡಿಸಿದ್ದೇ ಕಾಡಿಸಿದ್ದು. ಭಟ್ಕಳದ ತವರಿನಿಂದ ಅಣ್ಣ ಫೋನು ಮಾಡಿ, ನಿಮ್ಮತ್ತೆ ಹಪ್ಪಳ ಮಾರಲು ಕೂತದ್ದೋ, ಬೇಡವೆನ್ನಲು ಕೂತದ್ದೋ ಎಂದು ಕೇಳಿದ. ಅತ್ತೆ ಮಾತ್ರ ತಮ್ಮ ಜಾಹೀರಾತು ಬಂದಾಗ ಎದ್ದು ಒಳಗೆ ಹೋಗುತ್ತಿದ್ದರು.

ಆ ಭಾನುವಾರ ಜನ ಬಂದರು. ಸುಳ್ಳಲ್ಲ, ನಿಜವಾಗಿ ಬಂದರು. ಮೊದಲು ಕರ್ಕಿ ಊರಿನ ಗಂಡ ಹೆಂಡತಿ. ಗೇಟಿನಲ್ಲೇ ನಿಂತು, ಟೀವಿಯಲ್ಲಿ ಅಮ್ಮ ಕರೆದರಲ್ಲ, ಈ ಬದಿಗೆ ಬಂದಿದ್ದೆವು ಎಂದರು. ನಾನು ಬೆಪ್ಪಾಗಿ ನಿಂತಿದ್ದರೆ ಅತ್ತೆ ಒಳಗಿನಿಂದ ಬನ್ನಿ ಬನ್ನಿ ಎಂದು ಕುಡಿಯಲು ಆಸರಿಗೆ ಏನು ಬೇಕೆಂದು ಕೇಳಿ, ತೆಂಗಿನೆಣ್ಣೆಯ ಬಾಣಲೆ ಇಟ್ಟೇಬಿಟ್ಟರು. ಆಮೇಲೆ ಕುಮಟಾದ ಹೆಂಗಸರು ಗುಂಪಾಗಿ ಬಂದರು. ಸಂತೆಗುಳಿಯ ನಿವೃತ್ತ ಮಾಸ್ತರರು ಕೊಡೆ ಮಡಚಿಕೊಂಡು ಬಂದರು. ಭಟ್ಕಳದಿಂದ ನವಾಯತ ಮುಸ್ಲಿಮರ ಒಂದು ಕುಟುಂಬ, ಅಜ್ಜಿ, ಮಗಳು, ಸೊಸೆ, ಕಾರಿನಲ್ಲಿ ಬಂದಿತು. ಕರೆದ ಮನೆಗೆ ಬರಿಗೈಯಲ್ಲಿ ಬರಬಾರದೆಂದು ತಾವೇ ಮಾಡಿದ ಸಿಹಿಯ ಡಬ್ಬಿ ತಂದಿದ್ದರು. ಆ ಅಜ್ಜಿ ತಮ್ಮ ನವಾಯತಿ ಭಾಷೆಯಲ್ಲಿ, ನಮ್ಮತ್ತೆ ತಮ್ಮ ಮಾತಿನಲ್ಲಿ, ಇಬ್ಬರೂ ಹಲಸಿನ ವಿಷಯ ಅದೆಷ್ಟು ಮಾತಾಡಿದರೋ! ಯಾರಿಗೆ ಎಷ್ಟು ತಿಳಿಯಿತೋ ದೇವರಿಗೇ ಗೊತ್ತು.

ಬಂದವರಲ್ಲಿ ಒಬ್ಬರು ನನಗೆ ಬಿಡಿಸಿ ಹೇಳಿದರು. ನಂಬರ್ ಒನ್ ಎಂದು ಕೇಳಿ ಕೇಳಿ ಕಿವಿ ದಡ್ಡುಗಟ್ಟಿದೆ; ಎಂತದೂ ಇಲ್ಲ ಎನ್ನುವ ಮನೆಯಲ್ಲಿ ಏನಿರುತ್ತದೆಂದು ನಮಗೆ ಗೊತ್ತಿಲ್ಲವೇ ಎಂದರು. ಅತ್ತೆ ಕೆಡಿಸಿದರೆಂದು ನಾನು ಬೈದುಕೊಂಡಿದ್ದ ಮಾತನ್ನು ಮೂರು ತಾಲೂಕಿನ ಜನ ಸರಿಯಾಗಿ ಅರ್ಥ ಮಾಡಿಕೊಂಡಿದ್ದರು.

ಆದರೆ ಫಜೀತಿ ಬೇರೆಯೇ ಇತ್ತು. ತಿಂದವರೆಲ್ಲ ಪ್ಯಾಕೆಟ್ಟು ಕೊಡಿ ಎನ್ನುತ್ತಿದ್ದರು, ಅತ್ತೆ ಕೊಡುತ್ತಿರಲಿಲ್ಲ. ಮಾರುವುದಕ್ಕೆ ಕುಮಟಾದಲ್ಲಿ ಅಂಗಡಿ ಇದೆ, ಅಲ್ಲಿ ತೆಗೆದುಕೊಳ್ಳಿ ಎನ್ನುತ್ತಿದ್ದರು. ದಿನವೂ ಬಾಣಲೆ, ದಿನವೂ ನೆಂಟರು. ಅಂಗಡಿಗೆಂದು ಇಟ್ಟ ಡಬ್ಬಿಗಳು ಒಂದೊಂದಾಗಿ ಖಾಲಿಯಾಗತೊಡಗಿದವು. ನಾನು ಒಂದು ಸಂಜೆ ತಡೆಯಲಾರದೆ ಜಗಳಕ್ಕೇ ನಿಂತೆ. ಹೀಗೆ ಪುಕ್ಕಟೆ ತಿನ್ನಿಸಿದರೆ ಚೌತಿಗೆ ಅಂಗಡಿಗೆ ಏನು ಕೊಡುವುದು, ಆ ಜಾಗ ಬೇಡವೇ ನಿಮಗೆ ಎಂದೆ.

“ಬೇಕು ತಂಗಿ,” ಅಂದರು ಅತ್ತೆ. “ಆದ್ರೆ ಬನ್ನಿ ಹೇಳಿ ಕರದ್ದು ನಾನು. ಕರದವ್ಕೆ ಹಪ್ಪಳ ಮಾರೂದಾ?”

ನಾನು ಸಿಟ್ಟಿನಲ್ಲಿ ಪಾತ್ರೆ ಸದ್ದು ಮಾಡಿ ತೊಳೆದೆ, ಅಷ್ಟೇ.

ಚೌತಿಗೆ ಮುಂಚೆ ಧಣಿಯ ಫೋನು ಬಂತು. ಜಾಗ ಹೋಯಿತೆಂದೇ ನಾನು ಎಣಿಸಿದೆ. ಅವರು ಹೇಳಿದ್ದು ಬೇರೆ: ಹಪ್ಪಳ ಪೂರ್ತಿ ಖಾಲಿ, ಜನ ನಿಮ್ಮ ಮನೆಯಲ್ಲಿ ತಿಂದು ಬಂದು ಇಲ್ಲಿ ಕೇಳುತ್ತಿದ್ದಾರೆ, ಕೂಡಲೇ ಕಳಿಸಿ. ನಾನು ಒಳಗೆ ಓಡಿ ಡಬ್ಬಿ ಬಗ್ಗಿಸಿ ನೋಡಿದೆ. ತಳದಲ್ಲಿ ಒಡೆದ ಚೂರುಗಳು. ಹೊರಗೆ ಜಡಿಮಳೆ. ಹಲಸಿನಕಾಯಿಗೆ ಮುಂದಿನ ಬೇಸಿಗೆಯೇ ಗತಿ. ಧಣಿ ಒಂದು ದಾರಿ ಹೇಳಿದರು. ಬೇರೆ ಕಡೆಯಿಂದ ಹಪ್ಪಳ ತರಿಸುತ್ತೇನೆ, ನಿಮ್ಮ ಚೀಟಿ ಕೊಡಿ, ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲದಿದ್ದರೆ ಬಿಸ್ಕೀಟಿನ ಏಜೆಂಟರು ಬಾಗಿಲಲ್ಲೇ ನಿಂತಿದ್ದಾರೆ, ಜಾಗ ಖಾಲಿ ಬಿಡಲು ಬರುವುದಿಲ್ಲ ಎಂದರು. ನನಗೆ ಆಸೆಯಾಯಿತು. ಒಂದೇ ಮಳೆಗಾಲದ ಮಾತಲ್ಲವೇ ಎಂದು ಅತ್ತೆಗೆ ಹೇಳಿದೆ.

ಅತ್ತೆ ಆ ಡಬ್ಬಿಯ ಮುಚ್ಚಳ ಹಾಕಿದರು. “ಬೇರೆಯವ್ರ ಕೈದಕ್ಕೆ ನಮ್ಮ ಚೀಟಿ ಹಚ್ಚಿದ್ರೆ ನಾನೂ ಟೀವಿಯವ್ರ ಹಂಗೇ ಆದಿ,” ಅಂದರು. “ಇಲ್ಲೆ ಹೇಳು. ಜಾಗ ಹೋದ್ರೆ ಹೋಗ್ಲಿ.” ಆ ರಾಶಿ ಸಾಮಾನಿನ ನಡುವೆ ತಮ್ಮ ಹೆಸರು ಇನ್ನು ಇರುವುದಿಲ್ಲವೆಂದು ಗೊತ್ತಿದ್ದೇ ಅವರು ಹಾಗೆ ಹೇಳಿದ್ದು. ನಾನು ಫೋನಿನಲ್ಲಿ ಇಲ್ಲವೆಂದೆ. ಧಣಿ ಆಯಿತು ಎಂದು ಇಟ್ಟುಬಿಟ್ಟರು. ಚೌತಿ ಬಂತು, ಹೋಯಿತು. ಮನೆಯಲ್ಲಿ ಆ ಅಂಗಡಿಯ ಮಾತನ್ನು ಯಾರೂ ಎತ್ತಲಿಲ್ಲ.

ದೀಪಾವಳಿಯ ಹೊತ್ತಿಗೆ ಸಂಘದ ಕೆಲಸಕ್ಕೆ ಕುಮಟಾಕ್ಕೆ ಹೋಗಬೇಕಾಯಿತು. ಆ ಅಂಗಡಿಗೆ ಕಾಲಿಡಬಾರದೆಂದೇ ಹೋದವಳು, ಕಾಲು ತಡೆಯದೆ ಒಳಗೆ ಹೋದೆ. ಹಬ್ಬದ ನೂಕುನುಗ್ಗಲು. ನೆಲದ ಮೇಲೂ ಪೆಟ್ಟಿಗೆ, ಮೆಟ್ಟಿಲ ಮೇಲೂ ಪೆಟ್ಟಿಗೆ, ಟೀವಿಯಲ್ಲಿ ಬರುವ ಅಷ್ಟೂ ಸಾಮಾನು ಅಲ್ಲಿ ಒಂದರ ಮೇಲೊಂದು ಹೇರಿಕೊಂಡಿತ್ತು. ಕಣ್ಣು ತಾನಾಗಿ ಬಿಸ್ಕೀಟಿನ ಕಡೆಗೆ ಹೋಯಿತು. ಅದರ ಪಕ್ಕದ ಮೊಳದಷ್ಟು ಹಲಗೆ ಖಾಲಿ ಇತ್ತು. ಅಂಚಿಗೆ ಅತ್ತೆಯ ಹೆಸರಿನ ಚೀಟಿ ಹಾಗೇ ಇತ್ತು. ಧಣಿ ನನ್ನನ್ನು ಗದ್ದಲದಲ್ಲಿ ಕಂಡಿರಲಿಲ್ಲ.

ಒಬ್ಬ ಹೆಂಗಸು ಕೈ ತುಂಬ ಸಾಮಾನು ಹಿಡಿದುಕೊಂಡು ಪರದಾಡುತ್ತ ಬಂದವಳು, ಚೀಲವನ್ನು ಆ ಖಾಲಿ ಹಲಗೆಯ ಮೇಲೆ ಇಡಲು ಹೋದಳು. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಧಣಿ ಅಲ್ಲಿಂದಲೇ ಕೂಗಿ ತಡೆದರು.

“ಅಲ್ಲಿ ಇಡೂದು ಬೇಡ ಅಕ್ಕಾ. ಅದು ಹಪ್ಪಳದ ಜಾಗ, ಹಲಸಿನಕಾಯಿ ಆದ್ಮೇಲೆ ಬರ್ತದೆ.”

ಆಕೆ ಎಂತ ಹಪ್ಪಳ, ಯಾರದ್ದು ಎಂದು ಕೇಳಿದಳು. ಧಣಿ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, ಅಂಗಡಿಗೆಲ್ಲ ಕೇಳುವ ಹಾಗೆ, ನನ್ನ ಅತ್ತೆಯದ್ದು ಎಂದು.